ಮೊರದಲ್ಲಿಟ್ಟ ಕಿವಿಯೋಲೆಗಳು

ಮನುಷ್ಯರು ಹೊರದೇಶಕ್ಕೆ ಹೋಗಲು ಪಡುವ ಪಾಡು ಎಲ್ಲರಿಗೂ ಗೊತ್ತು. ಟಗರು ಹೋಗಲು ಪಡುವ ಪಾಡು ನನಗೆ ಗೊತ್ತು. ಗೊತ್ತಾಗದೆ ಇದ್ದಿದ್ದರೇ ಚೆನ್ನಾಗಿತ್ತು.

ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಪಶು ಆಸ್ಪತ್ರೆಯಲ್ಲಿ ನಾನು ವೈದ್ಯೆ. ಬಕ್ರೀದಿಗೆ ಇನ್ನೂ ಎರಡು ತಿಂಗಳಿದೆ ಅನ್ನುವಾಗ ಒಂದು ಬೆಳಿಗ್ಗೆ ಇಬ್ಬರು ಬಂದು ಮೇಜಿನ ಮುಂದೆ ನಿಂತರು. ಒಬ್ಬ ಹುಣಸೂರಿನ ಏಜೆಂಟು. ಕೇರಳದ ಕಂಪನಿಯೊಂದಕ್ಕೆ ಟಗರು ಹೊಂದಿಸಿ ಕೊಡುವವನು. ಕಂಪನಿಯವರು ಅವನ್ನು ವಿಮಾನದಲ್ಲಿ ಕೊಲ್ಲಿ ದೇಶಕ್ಕೆ ಕಳಿಸುತ್ತಾರೆ. ಇನ್ನೊಬ್ಬಳು ಕುರಿಯವ್ವ. ಅವಳ ಸ್ವಂತ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಅರವತ್ತರ ಹತ್ತಿರದ ಹೆಂಗಸು, ತಲೆಯ ಮೇಲೆ ಟವೆಲ್ಲು, ಮೈಗೆ ಯಾವಾಗಲೂ ಕುರಿಯ ವಾಸನೆ.

"ಡಾಕ್ಟ್ರವ್ವಾ, ನಮ್ ಟಗರು ಇಮಾನ ಅತ್ತವಂತೆ. ನೀವೊಂದು ಕಾಗ್ದ ಕೊಟ್ರೆ ಆಯ್ತದಂತೆ ಕಣಿ," ಅಂದಳು.

"ಒಂದು ಕಾಗದಾನಾ?" ಅಂತ ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ನಗದೆ ಇದ್ದದ್ದು ಯಾಕೆ ಅನ್ನುವುದು ಆಮೇಲೆ ತಿಳಿಯಿತು. ಹುಲಿ ಕಾಟ ಜಾಸ್ತಿಯಾಗಿ ಕಾಡಿಗೆ ಮೇಯಲು ಬಿಡುವುದನ್ನು ಅರಣ್ಯದವರು ನಿಲ್ಲಿಸಿದ್ದರು. ಅವಳ ಗಂಡ ತೀರಿಹೋಗಿದ್ದ. ಮನೆಯ ಯಜಮಾನಿಕೆ ಗಂಡನ ಅಣ್ಣನದು. ಮೇವಿಲ್ಲದ ಮಂದೆ ಇಟ್ಟುಕೊಂಡು ಏನು ಮಾಡುವುದು, ಪೂರ್ತಿ ಮಾರಿಬಿಡೋಣ ಅಂತ ಆ ಭಾವ ಪಟ್ಟು ಹಿಡಿದಿದ್ದ. ಆಗ ಈ ಏಜೆಂಟು ಬಂದಿದ್ದ. ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸಿದ ಟಗರು ವರ್ಷಾ ವರ್ಷಾ ಹೊರದೇಶಕ್ಕೆ ಹೋಗುವುದಾದರೆ ಮಂದೆಗೆ ಕಾಡೇ ಬೇಡ, ತಾಯಿಕುರಿಗಳನ್ನು ಉಳಿಸಿಕೊಳ್ಳಬಹುದು ಅಂತ ಕುರಿಯವ್ವ ಭಾವನ ಮುಂದೆ ಸೆರಗೊಡ್ಡಿದ್ದಳು. ಅವನು ಒಂದು ಗಡುವು ಹಾಕಿದ್ದ.

"ಈ ಬಕ್ರೀದ್ ಗಂಟ ಸುಮ್ಕಿರ್ತೀನಿ ಅಂದವ್ರೆ. ಟಗರು ಇಮಾನ ಅತ್ತುದ್ರೆ ಮಂದೆ ನಂದು. ಇಲ್ದಿದ್ರೆ ಒಂದು ಮರೀನೂ ಬುಡ್ದಂಗೆ ಸಂತೆಗೆ ಅಟ್ತಾರಂತೆ," ಅಂದಳು. ನನಗೆ ನಕ್ಕದ್ದಕ್ಕೆ ನಾಚಿಕೆಯಾಯಿತು. ಆಗಲಿ ಕಣವ್ವ, ಮಾಡೋಣ ಅಂದೆ.

ಏಜೆಂಟು ಕೊಟ್ಟ ಪಟ್ಟಿ ಎರಡು ಪುಟವಿತ್ತು. ಪ್ರತಿ ಟಗರಿಗೂ ಬೇರೆ ಬೇರೆ ಸಂಖ್ಯೆಯ ಕಿವಿಯೋಲೆ ಹಾಕಬೇಕು. ಪಿಪಿಆರ್ ಅನ್ನುವ ಹಿರೇಬೇನೆಗೆ ಲಸಿಕೆ ಹಾಕಬೇಕು. ಸುತ್ತಮುತ್ತ ಕಾಲುಬಾಯಿ ಜ್ವರ ಇಲ್ಲ ಅಂತ ಇಲಾಖೆಯಿಂದ ಬರೆಸಿಕೊಳ್ಳಬೇಕು. ಗಬ್ಬದ ಕುರಿಗೆ ಗರ್ಭಪಾತ ಮಾಡಿಸುವ ಬ್ರುಸೆಲ್ಲಾ ರೋಗ ಇದೆಯೋ ಇಲ್ಲವೋ ಅಂತ ರಕ್ತ ಪರೀಕ್ಷೆ ಮಾಡಿಸಬೇಕು. ಇಪ್ಪತ್ತೊಂದು ದಿನ ಬೇರೆ ಕುರಿ ಮೇಕೆ ತಾಗದ ಹಾಗೆ ಪ್ರತ್ಯೇಕ ಕೊಟ್ಟಿಗೆಯಲ್ಲಿ ಇಡಬೇಕು. ಕೊನೆಗೆ, ಲಾರಿ ಹತ್ತುವ ದಿನ ನಾನೇ ಒಂದೊಂದನ್ನೂ ಮುಟ್ಟಿ ನೋಡಿ, ಜ್ವರ ಅಳೆದು, 'ಕೆಳಕಂಡ ಸಂಖ್ಯೆಯ ಪ್ರಾಣಿಗಳನ್ನು ಖುದ್ದಾಗಿ ಪರೀಕ್ಷಿಸಿದ್ದೇನೆ' ಅಂತ ಸಹಿ ಮಾಡಬೇಕು. ಆ ಸಹಿ ಹಿಡಿದುಕೊಂಡು ಹೋದರೆ ವಿಮಾನ ನಿಲ್ದಾಣದ ಕ್ವಾರಂಟೈನ್ ಕಚೇರಿಯವರು ಓಲೆಯ ಸಂಖ್ಯೆಗಳನ್ನು ತಾಳೆ ನೋಡಿ ಕೊನೆಯ ಪ್ರಮಾಣಪತ್ರ ಕೊಡುತ್ತಾರೆ. ಒಟ್ಟಿನಲ್ಲಿ ಎಲ್ಲ ಕಾಗದವೂ ಆ ಒಂದು ಹಳದಿ ಪ್ಲಾಸ್ಟಿಕ್ ಓಲೆಗೆ ಜೋತುಬಿದ್ದಿರುತ್ತದೆ.

ಓಲೆ ಹಾಕಲು ನಾನೂ ನಮ್ಮ ಸಹಾಯಕರೂ ಹೋದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಇಪ್ಪತ್ತೆಂಟು ಟಗರು. ಸಹಾಯಕರು ಇಕ್ಕಳದಿಂದ ಓಲೆ ಒತ್ತುವುದು, ನಾನು ಕುತ್ತಿಗೆಯ ನರದಿಂದ ರಕ್ತ ತೆಗೆದು ಸೀಸೆಗೆ ಸಂಖ್ಯೆ ಬರೆಯುವುದು, ಆಮೇಲೆ ನಮೂನೆ ತುಂಬುವುದು. ನಮೂನೆಯಲ್ಲಿ 'ಗುರುತು ಚಹರೆ' ಅಂತ ಒಂದು ಕಾಲಂ ಇದೆ. ಕುರಿಯವ್ವ ಪ್ರತಿ ಟಗರನ್ನೂ ಹಿಡಿದು ತಂದು ಅದರ ಚಹರೆ ಹೇಳತೊಡಗಿದಳು.

"ಇವ್ನಿಗೆ ಮೂಗಿನ ಮ್ಯಾಲೆ ಎಳ್ಳಿನಷ್ಟು ಚುಕ್ಕಿ ಅದೆ, ಬರ್ಕಳಿ. ಇವ್ನಿಗೆ ಎಡಗಣ್ಣು ಒಸಿ ಸಣ್ಣುದು. ಇವ್ನ್ ಬಾಲ ನೋಡಿ, ಅತ್ಲಾಗೆ ತಿರುಕ್ಕಂಡದೆ. ಉಟ್ಟುದಾಗ್ಲಿಂದ ಅಂಗೇಯ."

ನನಗೆ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಮಧ್ಯಾಹ್ನದ ಬಸ್ಸಿಗೆ ರಕ್ತ ಕಳಿಸಬೇಕಿತ್ತು. ನನ್ನ ಬಾಯಿ ಮೊದಲೇ ಸ್ವಲ್ಪ ಜೋರು.

"ಅಯ್ಯೋ, ಅವೆಲ್ಲ ಯಾಕವ್ವ? ನಂಬರ್ ಇದೆಯಲ್ಲ ಕಿವೀಲಿ, ಅಷ್ಟು ಸಾಕು ಬಿಡು," ಅಂದೆ. ಮೊದಲನೆಯ ಸಾಲಿನಲ್ಲಿ 'ಬಿಳಿ ಮೈ, ಕಂದು ಮುಖ, ಗಂಡು, ಎರಡು ಹಲ್ಲು' ಅಂತ ಬರೆದೆ. ಕೆಳಗೆ ಇಪ್ಪತ್ತೇಳು ಸಾಲಿಗೂ 'ಸದರಿ' ಅಂತ ಬರೆದುಕೊಂಡು ಹೋದೆ. ಸದರಿ, ಸದರಿ, ಸದರಿ. ಮೂರು ನಿಮಿಷದಲ್ಲಿ ಮುಗಿಯಿತು. ನನ್ನ ಚುರುಕಿಗೆ ನಾನೇ ಮೆಚ್ಚಿಕೊಂಡೆ.

ಹೊರಡುವಾಗ ಕೊಟ್ಟಿಗೆಯ ಗೂಟದಲ್ಲಿ ಒಂದು ಹೊರೆಯಷ್ಟು ಹಳೆಯ ಹಗ್ಗ ನೇತುಬಿದ್ದಿದ್ದು ಕಂಡಿತು. ಮಾರಿದ ಟಗರು, ಕುರಿಗಳ ಹಗ್ಗ. ನಮ್ಮ ಕಡೆ ಯಾರೂ ಪ್ರಾಣಿಯ ಜೊತೆ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು; ನಮ್ಮದನ್ನು ಬಿಚ್ಚಿ ಇಟ್ಟುಕೊಳ್ಳಬೇಕು. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೂ ಅದರ ಹಿಂದೆ ಹೋಗುತ್ತಾಳೆ ಅಂತ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು. ಅದು ನನಗೆ ಹೊಸದೇನಲ್ಲ, ಅದಕ್ಕೇ ನೋಡಿ ಸುಮ್ಮನೆ ಬಂದೆ.

ಐಸ್ ಡಬ್ಬಿಯಲ್ಲಿಟ್ಟು ಕಳಿಸಿದ ರಕ್ತದಲ್ಲಿ ಮೂರು ಸೀಸೆ ದಾರಿಯಲ್ಲಿ ಕುಲುಕಾಡಿ ಕೆಟ್ಟಿತ್ತು. ತಿಳಿನೀರಿನ ಹಾಗೆ ಇರಬೇಕಾದ ಸೀರಂ ಕೆಂಪಾಗಿದೆ, ಪರೀಕ್ಷೆಗೆ ಬಾರದು, ಮತ್ತೆ ಕಳಿಸಿ ಅಂತ ಪ್ರಯೋಗಾಲಯದಿಂದ ಫೋನು. ಮತ್ತೆ ಹೋದೆ, ಮತ್ತೆ ಚುಚ್ಚಿದೆ. ಆಮೇಲೆ ಕಾಲುಬಾಯಿ ಜ್ವರದ ಪತ್ರಕ್ಕೆ ಮೂರು ಸಲ ಮೈಸೂರಿಗೆ ಅಲೆದೆ. ಎರಡು ವಾರದ ಮೇಲೆ ವರದಿ ಬಂತು. ಇಪ್ಪತ್ತೆಂಟರಲ್ಲಿ ಒಂದಕ್ಕೆ ಬ್ರುಸೆಲ್ಲಾ ಇತ್ತು.

ವರದಿ ಹಿಡಿದು ಕೊಟ್ಟಿಗೆಗೆ ಹೋಗಿ ಕಿವಿ ಕಿವಿ ನೋಡುತ್ತಾ ಆ ಸಂಖ್ಯೆ ಹುಡುಕಿದೆ. ಸಿಕ್ಕಿತು. "ಓ, ಮೂಗ್ಚುಕ್ಕೀನಾ?" ಅಂದಳು ಕುರಿಯವ್ವ. "ಚುಕ್ಕಿ ಅಂದಿದ್ರೆ ನಾನೇ ಇಡ್ಕೊಡ್ತಿದ್ನಲ್ಲ ಡಾಕ್ಟ್ರವ್ವ. ಅಷ್ಟುದ್ದ ನಂಬರ್ ಯಾಕೆ ಉಡುಕುದ್ರಿ?" ಅದನ್ನು ಆವತ್ತೇ ತೋಟದ ಮನೆಯಲ್ಲಿ ಬೇರೆ ಕಟ್ಟಿಸಿ, ಕೊಟ್ಟಿಗೆಗೆ ಔಷಧಿ ಹೊಡೆಸಿದೆ. ಉಳಿದ ಇಪ್ಪತ್ತೇಳು ಟಗರಿನ ವರದಿ ಶುದ್ಧವಾಗಿತ್ತು.

ಇಪ್ಪತ್ತೊಂದು ದಿನದ ಎಣಿಕೆ ನಡೆಯುತ್ತಿದ್ದಾಗ ಒಂದು ಟಗರು ಕಂಬಕ್ಕೆ ಕಿವಿ ಉಜ್ಜಿ ಉಜ್ಜಿ, ಓಲೆಯ ತೂತು ಹುಣ್ಣಾಗಿ ಹುಳ ಬಿತ್ತು. ಓಲೆ ಇನ್ನೇನು ಹರಿದು ಬೀಳುವುದರಲ್ಲಿತ್ತು. ನನಗೆ ಪಿತ್ತ ನೆತ್ತಿಗೇರಿತು. ಗಾಯ ತೊಳೆದು ಮದ್ದು ಹಚ್ಚುತ್ತಾ ಬೈದೆ.

"ಏನವ್ವ ನೀನು, ನೋಡ್ಕೊಳ್ಳೋದಿಲ್ವಾ? ಕುರಿ ಹೋದ್ರೂ ಚಿಂತೆಯಿಲ್ಲ, ಓಲೆ ಹೋಗಬಾರದು. ಒಂದು ಓಲೆ ಕಳೆದ್ರೂ ನಾನು ಸಹಿ ಹಾಕಲ್ಲ. ಕಣ್ಣಲ್ಲಿ ಕಣ್ಣಿಟ್ಟು ಜೋಪಾನ ಮಾಡು."

"ಆಯ್ತು ಕಣಿ. ಒಂದೂ ಕಳಿಯಾಕಿಲ್ಲ. ನನ್ ಜೀವ ಓದ್ರೂ ಕಳಿಯಾಕಿಲ್ಲ," ಅಂದಳು. ನನ್ನ ಮಾತನ್ನು ಅವಳು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು ಅನ್ನುವುದು ನನಗೆ ಹೊಳೆಯಲಿಲ್ಲ.

ಹೊರಡುವ ದಿನ ಬಂತು. ಭೇರ್ಯದ ಕಡೆಯಿಂದ, ಪಿರಿಯಾಪಟ್ಟಣದ ಕಡೆಯಿಂದ ಟಗರು ತುಂಬಿಕೊಂಡ ಲಾರಿ ಮಧ್ಯಾಹ್ನಕ್ಕೆ ಇಲ್ಲಿಗೆ ಬರುವುದು, ಇಲ್ಲಿಂದ ಕೇರಳಕ್ಕೆ ಇಳಿಯುವುದು, ಮಾರನೆಯ ದಿನ ವಿಮಾನ. ನಾನು ಬೆಳಿಗ್ಗೆ ಒಂಬತ್ತಕ್ಕೇ ಥರ್ಮಾಮೀಟರು, ನಮೂನೆ, ಸೀಲು ಎಲ್ಲ ಹಿಡಿದುಕೊಂಡು ಹೋದೆ. ಏಜೆಂಟು ಮೊದಲೇ ಬಂದಿದ್ದ. ಕುರಿಯವ್ವನ ಭಾವನವರೂ ಜಗಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದರು.

ಟಗರುಗಳು ಮಿರಮಿರ ಮಿಂಚುತ್ತಿದ್ದವು. ಕುರಿಯವ್ವ ಬೆಳಗಿನ ಜಾವವೇ ಎದ್ದು ಅವಕ್ಕೆ ಮೈ ತೊಳೆದು, ಹಣೆಗೆ ಅರಿಶಿನ ಕುಂಕುಮ ಇಟ್ಟು, ಪೂಜೆ ಮಾಡಿದ್ದಳು. ಮೊದಲನೆಯದರ ಬಾಯಿ ನೋಡಿದೆ, ಕಣ್ಣು ನೋಡಿದೆ, ಜ್ವರ ನೋಡಿದೆ. ಎಲ್ಲ ಸರಿ. ಸಂಖ್ಯೆ ಬರೆದುಕೊಳ್ಳೋಣ ಅಂತ ಕಿವಿ ಎತ್ತಿದೆ. ಕಿವಿಯಲ್ಲಿ ತೂತು ಮಾತ್ರ ಇತ್ತು. ಪಕ್ಕದ್ದರ ಕಿವಿ ನೋಡಿದೆ. ಅಲ್ಲೂ ತೂತು. ಒಂದೊಂದಾಗಿ ಎಲ್ಲ ಕಿವಿಗಳನ್ನೂ ನೋಡಿದೆ.

"ಕುರಿಯವ್ವಾ! ಓಲೆ ಎಲ್ಲಿ?"

"ಅವೆ ಅವೆ, ಗಾಬ್ರಿ ಬೀಳ್ಬೇಡಿ," ಅಂತ ಒಳಗೆ ಹೋದಳು. ದೇವರ ಮೂಲೆಯಿಂದ ಒಂದು ಮೊರ ಎತ್ತಿಕೊಂಡು ಬಂದಳು. ಮೊರದಲ್ಲಿ ಒಂದು ಹಿಡಿ ಅಕ್ಕಿ, ಎರಡು ಸೇವಂತಿಗೆ ಹೂವು. ಅದರ ಮೇಲೆ ಇಪ್ಪತ್ತೇಳು ಹಳದಿ ಓಲೆ, ಒಂದೊಂದಕ್ಕೂ ಕುಂಕುಮದ ಬೊಟ್ಟು. ಉಣ್ಣೆ ಕತ್ತರಿಸುವ ಕತ್ತರಿಯಲ್ಲಿ ಕಿವಿಯ ಹಿಂದೆ ಓಲೆಯನ್ನು ಹಿಡಿದಿಡುವ ಗುಂಡಿ ಕತ್ತರಿಸಿ, ಕಿವಿಗೆ ಒಂಚೂರೂ ನೋವಾಗದ ಹಾಗೆ ತೆಗೆದಿದ್ದಳು.

"ಎಣಿಸ್ಕಳಿ. ಒಂದೂ ಕಳ್ದಿಲ್ಲ," ಅಂದಳು. ಮುಖ ಅರಳಿತ್ತು. "ನೀವೇ ಏಳುದ್ರಲ್ಲ, ಕುರಿ ಓದ್ರೂ ಓಲೆ ಓಗ್ಬಾರ್ದು ಅಂತ. ನಮ್ಮನೇಲಿ ಕಟ್ಟುದ್ದು ನಮ್ಮನೇಲೇ ಇರ್ಬೇಕು. ಅಗ್ಗ ಬಿಚ್ಕಂಡಂಗೆ ಇವ್ನೂ ಬಿಚ್ಕಂಡೆ. ಟಗರು ಓಗ್ಲಿ, ಇವು ಇಲ್ಲಿರ್ಲಿ. ಇನ್ನೊಂದ್ ವರ್ಸಕ್ಕೆ ಮಂದೆ ಬೆಳೀತದೆ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಬೈಯಲು ಬಾಯಿ ತೆರೆದೆ. ಯಾರನ್ನು ಅಂತ ಬೈಯಲಿ?

ಏಜೆಂಟು ತಲೆ ಮೇಲೆ ಕೈ ಹೊತ್ತುಕೊಂಡ. ಆಮೇಲೆ ಅವನೇ ಮೊದಲು ಚೇತರಿಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದ. "ಮೇಡಂ, ತಲೆ ಕೆಡಿಸ್ಕೊಬೇಡಿ. ಇಪ್ಪತ್ತೇಳೂ ಪರೀಕ್ಷೆ ಪಾಸಾಗಿರೋವು ತಾನೆ? ಯಾವುದರ ಓಲೆ ಯಾವುದಕ್ಕೆ ಹಾಕಿದ್ರೇನು? ಹಿಂದಿನ ಗುಂಡಿ ಬೇರೆ ಸಿಗುತ್ತೆ, ನನ್ ಗಾಡೀಲಿ ಐತೆ. ಅದೇ ತೂತಿಗೆ ಒತ್ತಿದ್ರೆ ಯಾವನಿಗೂ ಗೊತ್ತಾಗಲ್ಲ. ಕೈಗೆ ಬಂದ ತುತ್ತು ಮೇಡಂ, ಬಾಯಿಗೆ ಬರೋ ಹೊತ್ತಲ್ಲಿ ಬಿಡಬೇಡಿ."

ಅವನು ಹೇಳಿದ್ದರಲ್ಲಿ ನನಗೆ ಆ ಹೊತ್ತಿನಲ್ಲಿ ತಪ್ಪು ಕಾಣಲಿಲ್ಲ, ನಿಜ ಹೇಳುತ್ತೇನೆ. ಟಗರುಗಳಿಗೆ ರೋಗವಿಲ್ಲ ಅನ್ನುವುದು ನನಗೆ ಗೊತ್ತು. ಆದರೂ ಮೊದಲು ಬೇರೆ ದಾರಿ ಹುಡುಕಿದೆ. ಓಲೆ ಹಾಕಿದ ದಿನ ಮೊಬೈಲಿನಲ್ಲಿ ತೆಗೆದಿದ್ದ ಫೋಟೊ ಹಿಗ್ಗಿಸಿ ನೋಡಿದೆ. ಫೈಲಿಗೆ ಅಂತ ಮಂದೆಯದ್ದು ಒಟ್ಟಿಗೆ ತೆಗೆದದ್ದು. ಎರಡು ಓಲೆಯ ಕೊನೆಯ ಅಂಕಿ ಬಿಟ್ಟರೆ ಏನೂ ಕಾಣಲಿಲ್ಲ. ಕ್ವಾರಂಟೈನ್ ಕಚೇರಿಗೆ ಫೋನು ಮಾಡಿ, ಓಲೆ ಬಿದ್ದುಹೋದರೆ ಏನು ಮಾಡಬೇಕು ಅಂತ ಕೇಳಿದೆ. ಹೊಸ ಓಲೆ, ಹೊಸ ರಕ್ತ, ಹೊಸದಾಗಿ ಇಪ್ಪತ್ತೊಂದು ದಿನ ಅಂದರು. ಬಕ್ರೀದಿಗೆ ಉಳಿದದ್ದು ಒಂಬತ್ತು ದಿನ. ನಮ್ಮ ಮೇಲಧಿಕಾರಿಗೆ ಮಾಡಿದೆ. "ನೋಡಮ್ಮ, ಸಹಿ ನಿಮ್ಮದು, ತೀರ್ಮಾನವೂ ನಿಮ್ಮದೇ," ಅಂದು ಇಟ್ಟುಬಿಟ್ಟರು.

ಜಗಲಿಯಿಂದ ಭಾವನವರು, "ಏನಂತೆ? ಓದವೋ, ಇಲ್ವೋ?" ಅಂತ ಕೂಗಿದರು.

ನಾನು ಎದ್ದೆ. ಏಜೆಂಟಿನಿಂದ ಗುಂಡಿ ಇಸಿದುಕೊಂಡೆ. ಇಕ್ಕಳ ಕೈಗೆತ್ತಿಕೊಂಡು, ಮೊರದಿಂದ ಮೇಲಿನದೊಂದು ಓಲೆ ತೆಗೆದು, ಹತ್ತಿರವಿದ್ದ ಟಗರಿನ ಕಿವಿ ಹಿಡಿದೆ. ಕುರಿಯವ್ವ ನನ್ನ ಕೈಯನ್ನೇ ನೋಡುತ್ತಿದ್ದವಳು ಮುಂದೆ ಬಂದಳು.

"ಮತ್ತೆ ಆಕ್ತೀರಾ? ಆಕಿ ಬುಡಿ, ಕಳ್ಸಾಕೆ ಬೇಕೇ ಬೇಕು ಅಂದ್ರೆ ಆಕಿ. ಆದ್ರೆ ಅವಂದು ಅವನಿಗೇ ಆಕಿ, ಡಾಕ್ಟ್ರವ್ವ. ಇದು ಯಾರ್ದು? ಇವಂದೇನಾ?"

ನಾನು ಓಲೆ ನೋಡಿದೆ. ಹನ್ನೆರಡು ಅಂಕಿ. "ಗೊತ್ತಿಲ್ಲ," ಅಂದೆ.

"ಗೊತ್ತಿಲ್ವಾ? ಮತ್ತೆ ಆವತ್ತು ಬರ್ಕಂಡ್ರಲ್ಲ, ಓದಿ. ಈ ನಂಬರ್ದು ಎಂಗಿದ್ದ ಅಂತ ಬರ್ದಿದೀರಿ? ಚಹರೆ ಏಳಿ, ನಾನು ಇಡ್ಕೊಡ್ತೀನಿ. ಎಲ್ರೂ ಗೊತ್ತು ನಂಗೆ."

ನಮೂನೆ ಬಿಚ್ಚಿದೆ. ಓದಲು ಏನಿತ್ತು? ಎಳ್ಳಿನಷ್ಟು ಚುಕ್ಕಿ, ಸಣ್ಣ ಕಣ್ಣು, ತಿರುಗಿದ ಬಾಲ, ಎಲ್ಲವನ್ನೂ ಅವಳು ನಿಂತು ಹೇಳಿದ್ದಳು. ನಾನು ಬರೆದದ್ದು ಸದರಿ. ಅವಳಿಗೆ ಟಗರು ಗೊತ್ತು, ಸಂಖ್ಯೆ ಗೊತ್ತಿಲ್ಲ. ನನಗೆ ಸಂಖ್ಯೆ ಗೊತ್ತು, ಟಗರು ಗೊತ್ತಿಲ್ಲ. ಎರಡನ್ನೂ ಸೇರಿಸಲು ಒಂದು ಕಾಲಂ ಇತ್ತು, ಅದನ್ನು ನಾನು ಮೂರು ನಿಮಿಷದಲ್ಲಿ ಹಾಳು ಮಾಡಿದ್ದೆ.

"ಎಲ್ಲಾ ಒಂದೇ ಥರ ಬರೆದುಬಿಟ್ಟಿದೀನಿ ಕಣವ್ವ," ಅಂದೆ.

"ಒಂದೇ ಥರಾನಾ?" ಅಂದಳು. ಅವಳಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. ಟಗರುಗಳ ಕಡೆ ತಿರುಗಿ ಒಂದೊಂದನ್ನೂ ನೋಡಿದಳು. "ಎಲ್ಲಿ ಒಂದೇ ಥರ ಅವೆ ಇವು?"

ಇಕ್ಕಳ ಕೆಳಗಿಟ್ಟೆ. ಖುದ್ದಾಗಿ ಪರೀಕ್ಷಿಸಿದ್ದೇನೆ ಅಂತ ಸಹಿ ಹಾಕಬೇಕಾದವಳು ನಾನು, ಯಾವುದು ಯಾವುದು ಅಂತ ಕೇಳಿದರೆ ಒಂದಕ್ಕೂ ಉತ್ತರ ಕೊಡಲಾರೆ. ಇವತ್ತು ಶುದ್ಧವಾದ ಇಪ್ಪತ್ತೇಳಕ್ಕೆ ಹೀಗೆ ಕಣ್ಣು ಮುಚ್ಚಿ ಒತ್ತಿದರೆ, ನಾಳೆ ಮೂಗ್ಚುಕ್ಕಿಯಂಥ ರೋಗದ್ದೊಂದು ಒಳಗೆ ಸೇರಿದಾಗಲೂ ಒತ್ತುತ್ತೇನೆ. ಈಗ ಬರೆಯುವಾಗ ಇದು ನ್ಯಾಯವಾದ ಮಾತಿನ ಹಾಗೆ ಕೇಳುತ್ತದೆ. ಆವತ್ತು ಹಾಗೇನೂ ಅನ್ನಿಸಲಿಲ್ಲ. ನನ್ನ ಸೋಮಾರಿತನಕ್ಕೆ ಅವಳ ತಲೆ ಕೊಡುತ್ತಿದ್ದೇನೆ ಅಂತಲೇ ಅನ್ನಿಸಿತು. ಆದರೂ ಆಗುವುದಿಲ್ಲ ಅಂದೆ.

"ಇಪ್ಪತ್ತೇಳೂ ನನ್ ಕಣ್ಮುಂದೆ ಉಟ್ಟವು. ಇವ್ಕೆಲ್ಲಾ ರಕ್ತ ತೆಗ್ಸಿದ್ದು ನಾನೇ ಇಡ್ಕಂಡು. ನಾನು ಏಳುದ್ರೆ ಸಾಲ್ದಾ ಡಾಕ್ಟ್ರವ್ವ?"

"ನನಗೆ ಸಾಕು ಕಣವ್ವ. ಕಾಗದಕ್ಕೆ ಸಾಲದು."

ಅವಳು ಮೊರವನ್ನು ಸೊಂಟಕ್ಕೆ ಒತ್ತಿ ಹಿಡಿದು ನಿಂತಿದ್ದಳು. ಏಜೆಂಟು ಇಳಿಮೋರೆ ಹಾಕಿಕೊಂಡು ಲಾರಿಯವನಿಗೆ ಫೋನು ಮಾಡಿದ. ಲಾರಿ ಊರೊಳಕ್ಕೆ ಬರದೆ ರಸ್ತೆಯಲ್ಲೇ ಹಾದು ಕೇರಳದ ಕಡೆ ಹೋಯಿತು. ಭಾವನವರು ಬೀಡಿ ಆರಿಸಿ, "ಸರಿ ಬುಡು. ನಾನೇನು ಗಡುವು ಮೀರ್ಲಿಲ್ಲ," ಅಂದು ಒಳಗೆ ಹೋದರು.

ನಾನು ಅಲ್ಲಿಂದ ಹೋಗಲಾರದೆ, ಹೊಸ ನಮೂನೆ ತೆಗೆದು, "ಹೇಳವ್ವ, ಒಂದೊಂದೇ ಹೇಳು," ಅಂದೆ. ಮುಂದಿನ ಸಲಕ್ಕಾದರೂ ಆಗಲಿ, ಹೊಸ ಓಲೆ ಹಾಕೋಣ, ಹೊಸದಾಗಿ ರಕ್ತ ತೆಗೆಯೋಣ, ಭಾವನ ಹತ್ತಿರ ನಾನೇ ಮಾತಾಡುತ್ತೇನೆ ಅಂತ ಏನೇನೋ ಬಡಬಡಿಸಿದೆ. ಅವಳು ಹೇಳಿದಳು, ನಾನು ಬರೆದೆ. ಇಪ್ಪತ್ತೇಳು ಸಾಲು, ಇಪ್ಪತ್ತೇಳು ಚಹರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸಂಜೆ ಭಾವನ ಹತ್ತಿರ ಮಾತಾಡಿದೆ. "ಮೇಡಮ್ಮೋರೆ, ಮುಂದಿನ ಬಕ್ರೀದ್ ಗಂಟ ಇವ್ಕೆ ನೀವು ಮೇವು ತಂದಾಕ್ತೀರಾ?" ಅಂತ ಕೇಳಿದರು. ಅದರಲ್ಲಿ ಕೆಟ್ಟತನವಿರಲಿಲ್ಲ. ನಾನು ನಮೂನೆ ಮಡಚಿಕೊಂಡು ಹೊರಟೆ.

ಅಂತರಸಂತೆ ಊರಿನ ಮುಂದಿನ ಸಂತೆಗೆ ಮಂದೆ ಬಂತು. ಟಗರು ಮಾತ್ರವಲ್ಲ, ತಾಯಿಕುರಿ, ಮರಿ, ಎಲ್ಲ. ಹೋಗಬಾರದು ಅಂದುಕೊಂಡಿದ್ದೆ, ಆದರೂ ಹೋದೆ. ನನ್ನನ್ನು ನೋಡಿ ಕುರಿಯವ್ವ, "ಬಂದ್ರಾ?" ಅಂದಳು, ಮನೆಗೆ ಬಂದವರನ್ನು ಕೇಳುವ ಹಾಗೆ. ಮಡಿಲಿನಿಂದ ಒಂದು ಗಂಟು ತೆಗೆದು ನನ್ನ ಕೈಗಿಟ್ಟಳು. ಓಲೆಗಳು. "ಇವು ಸರ್ಕಾರದ್ದು. ನೀವೇ ಇಟ್ಕಳಿ."

ಕೊಳ್ಳುವವನು ಕೇರಳದ ಗಡಿಯ ಕಡೆಯಿಂದ ಬಂದವನು, ವಯಸ್ಸಾದ ವ್ಯಾಪಾರಿ. ವ್ಯಾಪಾರ ಮುಗಿದು ಅವನ ಜನ ತಂದಿದ್ದ ಹೊಸ ಹಗ್ಗ ಬಿಚ್ಚಿ ಟಗರುಗಳ ಕುತ್ತಿಗೆಗೆ ಕಟ್ಟತೊಡಗಿದರು. ಆಗ ಕುರಿಯವ್ವ ಮಂದೆ ತಂದಿದ್ದ ಟೆಂಪೋ ಹಿಂದೆ ಹೋಗಿ ಒಂದು ಹೊರೆ ಎಳೆದುಕೊಂಡು ಬಂದಳು. ಕೊಟ್ಟಿಗೆಯ ಗೂಟದಲ್ಲಿದ್ದ ಹಗ್ಗಗಳು. ಅವಳ ಕಾಲದ್ದು, ಅವಳತ್ತೆಯ ಕಾಲದ್ದು, ಜಿಡ್ಡು ಹಿಡಿದು ಕಪ್ಪಾದವು. ತಂದು ವ್ಯಾಪಾರಿಯ ಕಾಲ ಹತ್ತಿರ ಹಾಕಿದಳು.

"ಇದ್ನೂ ತಕ್ಕಂಡೋಗಪ್ಪ."

ಮುದುಕ ಎರಡು ಹೆಜ್ಜೆ ಹಿಂದೆ ಸರಿದ. "ಅಯ್ಯೋ, ಅಗ್ಗ ಬೇಡ ಕಣವ್ವ. ತಪ್ಪಾಯ್ತದೆ. ನಿನ್ ಮನೇಲಿರ್ಲಿ."

"ಮಡಿಕ್ಕಂಡು ಯಾರಿಗೆ ಕಟ್ಲಪ್ಪ?" ಅಂದಳು.

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಹೆಗಲ ಮೇಲಿನ ಟವೆಲ್ಲು ತೆಗೆದು, ಬಗ್ಗಿ, ಆ ಹೊರೆಯನ್ನು ಎತ್ತಿ ತನ್ನ ಲಾರಿಗೆ ಹಾಕಿದ.